ಎರಡನೇ ಸಾಲಿನಲ್ಲಿ ನಿಂತ ಕಾಮಾಕ್ಷಮ್ಮ

ಪರೀಕ್ಷೆಯ ಹಿಂದಿನ ದಿನ ನಾನು ನನ್ನ ಹನ್ನೊಂದು ಜನ ವಿದ್ಯಾರ್ಥಿನಿಯರನ್ನು ಮೂರು ಪಾಲು ಮಾಡಿದೆ. ಐದು ಜನರ ಹೆಸರಿನ ಮುಂದೆ ‘ಖಂಡಿತ’ ಎಂದು ಬರೆದೆ. ನಾಲ್ವರ ಮುಂದೆ ‘ನೋಡೋಣ’. ಉಳಿದ ಇಬ್ಬರ ಮುಂದೆ ಏನು ಬರೆಯುವುದೆಂದು ತೋಚದೆ ಒಂದು ಅಡ್ಡಗೆರೆ ಎಳೆದೆ. ಗೆರೆ ತೀರಾ ನಿಷ್ಠುರವಾಗಿ ಕಂಡದ್ದರಿಂದ ಪಕ್ಕದಲ್ಲಿ ‘ಪ್ರಯತ್ನಶೀಲರು’ ಎಂದು ಸೇರಿಸಿದೆ. ಇಪ್ಪತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಓದು ಹತ್ತದವರಿಗೆಲ್ಲ ನಾನು ಕೊಡುತ್ತಾ ಬಂದ ಬಿರುದು ಅದು.

ಇದು ತೊಂಬತ್ತಮೂರನೇ ಇಸವಿಯ ಮಾತು. ಜಿಲ್ಲೆಯಲ್ಲೆಲ್ಲ ದೊಡ್ಡವರಿಗೆ ಅಕ್ಷರ ಕಲಿಸುವ ಭರಾಟೆ ನಡೆದಿತ್ತು. ಗೋಡೆ ಕಂಡಲ್ಲಿ ಘೋಷಣೆ ಬರೆದಿದ್ದರು, ಓದಲು ಬರುವವರು ಮಾತ್ರ ಅದನ್ನು ಓದುತ್ತಿದ್ದರು. ಮಲ್ಲಿಪಟ್ಟಣದಿಂದ ಮೂರು ಮೈಲಿ ಒಳಗಿರುವ ಹೊನ್ನೇಕೊಪ್ಪಲಿನ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಹೆಸರು ವೆಂಕಟರಾಮಯ್ಯ, ಊರು ಹೊಳೆನರಸೀಪುರ, ಸ್ವಭಾವ ಮುಂಗೋಪ. ಊರಿನ ಹೆಂಗಸರಿಗೆ ಕಲಿಸಲು ಇಬ್ಬರು ಸ್ವಯಂಸೇವಕರನ್ನು ನೇಮಿಸಿದ್ದರು. ಮೊದಲನೆಯವನು ಒಂದು ವಾರಕ್ಕೆ ಪರಾರಿಯಾದ. ಎರಡನೆಯವನು ಸ್ವಲ್ಪ ಗಟ್ಟಿ, ಒಂಬತ್ತು ದಿನ ತಡೆದ. ಆಮೇಲೆ ಸ್ಲೇಟು, ಬಳಪ, ಹಾಜರಿ ಪುಸ್ತಕ, ಹನ್ನೊಂದು ಜನ ಹೆಂಗಸರು ಎಲ್ಲವನ್ನೂ ನನ್ನ ತಲೆಗೆ ಕಟ್ಟಿದರು. ಮಕ್ಕಳು ನಾಲ್ಕೂವರೆಗೆ ಮನೆಗೆ ಹೋದ ಮೇಲೆ ಇವರು ಬರುತ್ತಿದ್ದರು, ಹಾಲು ಕರೆಯುವ ಹೊತ್ತಾಯಿತೆಂದು ಆರಕ್ಕೆ ಎದ್ದು ಓಡುತ್ತಿದ್ದರು.

ಮೊದಲ ದಿನ ಹೆಸರು ಬರೆದುಕೊಳ್ಳುವುದಕ್ಕೇ ಒಂದು ಗಂಟೆ ಹಿಡಿಯಿತು. ಹೆಸರು ಏನಮ್ಮ ಎಂದರೆ ತಾವೇ ಹೇಳುತ್ತಿದ್ದರು. ಗಂಡನ ಹೆಸರು ಎಂದರೆ ಪಕ್ಕದವಳು ಹೇಳುತ್ತಿದ್ದಳು. ಪಕ್ಕದವಳ ಗಂಡನ ಹೆಸರನ್ನು ಅವಳ ಪಕ್ಕದವಳು. ಕಟ್ಟಕಡೆಗೆ ಕೂತಿದ್ದ ನೀಲಾಂಬಿಕೆಗೆ ಪಕ್ಕದಲ್ಲಿ ಗೋಡೆ ಬಿಟ್ಟರೆ ಯಾರೂ ಇಲ್ಲ. ಅವಳ ಗಂಡನ ಹೆಸರಿಗಾಗಿ ಮುಂದಿನ ಸಾಲಿನವಳು ಹಿಂದಕ್ಕೆ ತಿರುಗಿ ಕೂರಬೇಕಾಯಿತು. ನಮ್ಮ ಕಡೆ ಇದು ಇರುವುದೇ. ಹೇಳಿದಂತೆ ಬರೆದುಕೊಂಡು ಮರೆತೆ.

ಆ ನೀಲಾಂಬಿಕೆ ನನ್ನ ಅಡ್ಡಗೆರೆಯ ಇಬ್ಬರಲ್ಲಿ ಒಬ್ಬಳು. ಅವಳು ಅಕ್ಷರವನ್ನು ನೋಡುತ್ತಲೇ ಇರಲಿಲ್ಲ, ಚಿತ್ರ ನೋಡಿ ಓದುತ್ತಿದ್ದಳು. ಇವಳನ್ನು ಹಿಡಿಯಬೇಕೆಂದು ಒಂದು ದಿನ ಬೋರ್ಡಿನ ಮೇಲೆ ಮರದ ಚಿತ್ರ ಬರೆದು ಕೆಳಗೆ ‘ಎಮ್ಮೆ’ ಎಂದು ಬರೆದೆ. ‘ಮರ’ ಎಂದು ಓದಿದಳು. ಅಲ್ಲಮ್ಮ, ಎಮ್ಮೆ ಎಂದೆ. ಅವಳು ಬೋರ್ಡನ್ನೂ ನನ್ನನ್ನೂ ನೋಡಿ, “ಕೊಂಬೆಲ್ಲೈತೆ ತೋರ್ಸಿ ಸಾ” ಎಂದಳು. ತರಗತಿಯೆಲ್ಲ ಅವಳ ಕಡೆಗೇ ಆಯಿತು.

ಇನ್ನೊಬ್ಬಳು ಸುವರ್ಣಮ್ಮ. ಊರಿನಲ್ಲಿ ಮದುವೆ ಇದ್ದರೆ ಸೋಬಾನೆಗೆ ಇವಳೇ ಬೇಕು. ಓದನ್ನೂ ಅದೇ ರಾಗದಲ್ಲಿ ಓದುತ್ತಿದ್ದಳು. ‘ಶುದ್ಧವಾದ ನೀರನ್ನು ಕುಡಿಯಿರಿ’ ಎಂಬ ಸಾಲನ್ನು ಎಳೆದು, ಕೊನೆಯ ಪದವನ್ನು ಎರಡು ಸಲ ಹೇಳಿ, ಉಸಿರು ತೆಗೆದುಕೊಂಡಾಗ ಉಳಿದವರು ತಮಗೆ ತಿಳಿಯದೆ ‘ಸೋ’ ಎನ್ನುತ್ತಿದ್ದರು. ರಾಗ ಬಿಟ್ಟು ಓದು ಎಂದರೆ ಅಕ್ಷರವೂ ಬಿಟ್ಟುಹೋಗುತ್ತಿತ್ತು.

‘ಖಂಡಿತ’ದ ಐವರಲ್ಲಿ ಮೊದಲ ಹೆಸರು ಕಾಮಾಕ್ಷಮ್ಮನದು. ಅವಳ ಹೆಸರಿನ ಕೆಳಗೆ ಎರಡು ಗೆರೆ ಬೇರೆ ಹಾಕಿದ್ದೆ. ಅವಳು ಏಕೆ ಓದಲು ಬಂದಳೆಂದು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಊರಿಗೆ ಬರುವ ಕಾಗದಗಳನ್ನೆಲ್ಲ ಪೋಸ್ಟಿನ ಚನ್ನಪ್ಪ ಶಾಲೆಯಲ್ಲಿ ಕೊಟ್ಟುಹೋಗುತ್ತಿದ್ದ. ಓದಿ ಹೇಳುವವನು ನಾನು. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಸುಮ್ಮನೆ ಓದುತ್ತಿರಲಿಲ್ಲ, ಅಳುವ ಕಡೆ ದನಿ ತಗ್ಗಿಸಿ, ಸಿಟ್ಟಿನ ಕಡೆ ಏರಿಸಿ, ಜಗಲಿಯ ತುಂಬ ಜನ ಕೂರುವ ಹಾಗೆ ಓದುತ್ತಿದ್ದೆ. ಕಾಮಾಕ್ಷಮ್ಮನ ಮಗಳು ಸ್ನೇಹಲತಾಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು. ಅವಳೊಮ್ಮೆ ‘ಅತ್ತೆ ನನ್ನ ತಟ್ಟೆಗೆ ಮುದ್ದೆ ಹಾಕುವಾಗ ಎರಡನೆಯದನ್ನು ಮುರಿದು ಅರ್ಧ ಹಾಕುತ್ತಾರೆ’ ಎಂದು ಬರೆದಿದ್ದಳು. ಅದನ್ನು ನಾನು ಎಷ್ಟು ಚೆನ್ನಾಗಿ ಓದಿದೆನೆಂದರೆ ಕೇಳಿದವರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಮೂರನೆಯವರು ಯಾರೋ ಮಾರನೆಯ ದಿನವೇ ಚನ್ನರಾಯಪಟ್ಟಣಕ್ಕೆ ಸಂತೆಗೆ ಹೋದರು. ಅರ್ಧ ಮುದ್ದೆಯ ಸುದ್ದಿ ಸೀದಾ ಅತ್ತೆಯ ಕಿವಿಗೆ ಬಿತ್ತು.

ಆಮೇಲೆ ಒಂದು ವರ್ಷ ಸ್ನೇಹಲತಾಳಿಂದ ಬಂದ ಕಾಗದಗಳಲ್ಲಿ ಒಂದೇ ಸಾಲು. ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು.’ ಹಬ್ಬಕ್ಕೆ ಬಂದಾಗ ತಾಯಿಯ ಹತ್ತಿರ, “ನೀನೇ ಓದ್ಕಳಂಗಾದಾಗ ಬರೀತೀನಿ ಕಣವ್ವ, ಅಲ್ಲೀಗಂಟ ಇಷ್ಟೇಯ” ಎಂದಳಂತೆ. ಸಾಕ್ಷರತಾ ಕೇಂದ್ರ ನನ್ನ ಕೈಗೆ ಬಂದ ದಿನ ಕಾಮಾಕ್ಷಮ್ಮ ಎಲ್ಲರಿಗಿಂತ ಮೊದಲು ಬಂದು ಇದನ್ನು ನನಗೆ ಹೇಳಿದಳು. ದೂರಲಿಲ್ಲ. “ನೀವು ಓದಿದ್ದು ಚಂದಾಗೇ ಇತ್ತು ಸಾ. ಆದ್ರೆ ನನ್ ಮಗ್ಳು ನನಗೆ ಬರ್ದಿದ್ದು” ಎಂದಳು. ನನಗೆ ನಾಚಿಕೆಯಾಯಿತು. ಇವಳಿಗಾದರೂ ಕಲಿಸಿಯೇ ತೀರಬೇಕೆಂದು ಅಂದೇ ನಿಶ್ಚಯಿಸಿದೆ.

ಮೂರು ಪುಸ್ತಕಗಳ ಪಾಠ ಅದು. ಮೊದಲೆರಡರಲ್ಲಿ ಓದು, ಮೂರನೆಯದರಲ್ಲಿ ಕಾಗದ ಬರೆಯುವುದು, ಕೈಬರಹ ಓದುವುದು. ಎರಡು ಪುಸ್ತಕ ಮುಗಿದ ಮೇಲೆ ಹೊರಗಿನವರು ಬಂದು ಪರೀಕ್ಷೆ ಮಾಡುತ್ತಾರೆ. ಹನ್ನೊಂದರಲ್ಲಿ ಎಂಟು ಜನ ಓದಿದರೆ ಮೂರನೇ ಪುಸ್ತಕ ಬರುತ್ತದೆ. ಒಂದು ಕಡಿಮೆಯಾದರೂ ಕೇಂದ್ರ ಮುಚ್ಚಿ ಸ್ಲೇಟುಗಳನ್ನು ಬೇರೆ ಊರಿಗೆ ಸಾಗಿಸುತ್ತಾರೆ. ಕಾಮಾಕ್ಷಮ್ಮ ಅಚ್ಚಿನ ಅಕ್ಷರವನ್ನು ಸರಾಗವಾಗಿ ಓದುತ್ತಿದ್ದಳು, ಮಗಳ ಕೈಬರಹ ಮಾತ್ರ ಅವಳಿಗೆ ಇನ್ನೂ ಗೋಜಲು. ಅವಳಿಗೆ ಬೇಕಾಗಿದ್ದದ್ದು ಮೂರನೇ ಪುಸ್ತಕ. ಅದಕ್ಕೆ ಎಂಟು ಜನ ಪಾಸಾಗಬೇಕು. ನನ್ನ ಲೆಕ್ಕದಲ್ಲಿ ಐದು ಖಂಡಿತ, ನಾಲ್ಕು ನೋಡೋಣ. ಆ ರಾತ್ರಿ ನಿದ್ದೆ ಅಷ್ಟಕ್ಕಷ್ಟೇ.

ಪರೀಕ್ಷಕರು ಮಾರನೆಯ ದಿನ ಐದು ಗಂಟೆಗೆ ಅರಕಲಗೂಡಿನಿಂದ ಬಾಡಿಗೆ ಆಟೋದಲ್ಲಿ ಬಂದರು. ಹೆಸರು ಮುರಳೀಕೃಷ್ಣ, ಹಾಸನದ ಒಂದು ಕಾಲೇಜಿನಲ್ಲಿ ಉಪನ್ಯಾಸಕರು, ವಯಸ್ಸು ಮೂವತ್ತು ದಾಟಿರಲಿಲ್ಲ. ಆಟೋದ ಕುಲುಕಾಟಕ್ಕೆ ಮುಖ ಸಪ್ಪಗಾಗಿತ್ತು. ಕೂತವರೇ ಮೊಹರು ಹಾಕಿದ ಲಕೋಟೆ ಒಡೆದು ಕಾರ್ಡುಗಳನ್ನು ಮೇಜಿನ ಮೇಲೆ ಕವುಚಿ ಹರಡಿದರು. ಒಂದೊಂದರಲ್ಲಿ ಒಂದೊಂದು ಪಾಠ, ಆರಾರು ಸಾಲು. ಒಬ್ಬೊಬ್ಬರೇ ಒಳಗೆ ಬಂದು ಒಂದು ಕಾರ್ಡು ಎತ್ತಿಕೊಂಡು ಗಟ್ಟಿಯಾಗಿ ಓದಬೇಕು. ಮೂರು ತಪ್ಪಿನವರೆಗೆ ಮಾಫಿ. ಎತ್ತಿದ ಕಾರ್ಡು ಬದಲಾಯಿಸುವಂತಿಲ್ಲ, ಮೇಷ್ಟ್ರು ಬಾಯಿ ಬಿಡುವಂತಿಲ್ಲ. ಕೊನೆಯ ನಿಯಮ ಓದುವಾಗ ಅವರು ನನ್ನ ಮುಖವನ್ನೇ ನೋಡಿದರು.

ನನ್ನ ಮೂರು ಪಾಲು ಅರ್ಧ ಗಂಟೆಯಲ್ಲಿ ತಲೆಕೆಳಗಾಯಿತು. ‘ಖಂಡಿತ’ದ ಒಬ್ಬಳು ಕಾರ್ಡು ಹಿಡಿದವಳೇ ‘ಅ’ ಕೂಡ ಕಂಡಿಲ್ಲದವಳಂತೆ ನಿಂತು, ಅತ್ತು ಹೊರಗೆ ಹೋದಳು. ‘ನೋಡೋಣ’ದಲ್ಲಿ ಇಬ್ಬರು ಹೋದರು. ಆದರೆ ಸುವರ್ಣಮ್ಮ ಬಂದವಳೇ ಕಾರ್ಡನ್ನು ಕೈಯುದ್ದ ಹಿಡಿದು, ಗಂಟಲು ಸರಿಮಾಡಿಕೊಂಡು, ತಿಪ್ಪೆಗುಂಡಿಯ ಪಾಠವನ್ನು ಆದಿಯಿಂದ ಅಂತ್ಯದವರೆಗೆ ಹಾಡಿದಳು. ಒಂದೂ ತಪ್ಪಿಲ್ಲ. ಬಾಗಿಲಾಚೆಯಿಂದ ‘ಸೋ’ ಕೂಡ ಬಂತು. ಪರೀಕ್ಷಕರು ನಿಯಮದ ಹಾಳೆಯನ್ನು ಎರಡು ಸಲ ನೋಡಿ, ಹಾಡಬಾರದು ಎಂದು ಎಲ್ಲೂ ಇಲ್ಲವೆಂದು ಗುರುತು ಹಾಕಿದರು. ನೀಲಾಂಬಿಕೆಯ ಕಾರ್ಡಿನಲ್ಲಿ ಚಿತ್ರವೇ ಇರಲಿಲ್ಲ. ನೋಡಲು ಬೇರೇನೂ ಇಲ್ಲದ್ದರಿಂದ ಅವಳು ಬದುಕಿನಲ್ಲಿ ಮೊದಲ ಸಲ ಅಕ್ಷರಗಳನ್ನು ನೋಡಿದಳು, ಎರಡು ತಪ್ಪಿನಲ್ಲಿ ದಡ ಸೇರಿದಳು. ನನ್ನ ‘ಪ್ರಯತ್ನಶೀಲರು’ ಇಬ್ಬರೂ ಪಾಸು. ಇಪ್ಪತ್ತು ವರ್ಷದಿಂದ ನಾನು ಯಾರ್‍ಯಾರ ಹೆಸರಿನ ಮುಂದೆ ಆ ಪದ ಬರೆದಿದ್ದೇನೋ ಅವರೆಲ್ಲ ನೆನಪಿಗೆ ಬಂದು ಕಸಿವಿಸಿಯಾಯಿತು.

ಹತ್ತು ಜನ ಮುಗಿದಾಗ ಏಳು ಪಾಸು, ಮೂರು ಫೇಲು. ಉಳಿದವಳು ಕಾಮಾಕ್ಷಮ್ಮ. ನಾನು ನಿರಾಳವಾಗಿ ಬೆನ್ನು ಗೋಡೆಗೆ ಆನಿಸಿದೆ. ಎಂಟನೆಯದು ಕೈಯಲ್ಲೇ ಇತ್ತು.

ಅವಳು ಒಂದು ಕಾರ್ಡು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. “ನಮ್ಮ ಊರು ಚಿಕ್ಕದು” ಎಂದು ಗಂಟೆ ಹೊಡೆದ ಹಾಗೆ ಓದಿದಳು. ಆಮೇಲೆ ನಿಂತಳು.

ನಾನು ಕಾದೆ. ಪರೀಕ್ಷಕರು ಕಾದರು. ಅವಳು ಕಾರ್ಡನ್ನೇ ನೋಡುತ್ತಿದ್ದಳು, ತುಟಿ ಬಿಗಿದಿತ್ತು. ಪರೀಕ್ಷಕರು “ಮುಂದೆ ಓದಿ ತಾಯಿ” ಎಂದರು. ಇಲ್ಲ. ನಾನು ಮೆಲ್ಲಗೆ ಅವಳ ಹಿಂದೆ ಸರಿದು ಇಣುಕಿದೆ. ಎರಡನೇ ಸಾಲು: ‘ದೇವರಾಜು ನಮ್ಮ ಊರಿನ ಜಾಣ ರೈತ.’ ಇದರಲ್ಲಿ ಏನು ಕಷ್ಟ? ಒತ್ತಕ್ಷರವನ್ನು ನೀರು ಕುಡಿದಂತೆ ಓದುವವಳು ಇವಳು.

“ದೇ” ಎಂದೆ ನಾನು, ಕೆಮ್ಮಿದವನಂತೆ.

“ಮೇಷ್ಟ್ರೇ, ಹೇಳಿಕೊಡಬಾರದು” ಎಂದರು ಪರೀಕ್ಷಕರು.

ನನಗೆ ತಡೆಯಲಾಗಲಿಲ್ಲ. ಮತ್ತೆ ಕೆಮ್ಮಿದೆ. “ದೇವ.” ಕಾಮಾಕ್ಷಮ್ಮ ಕೆಂಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ದೇವರಾ” ಎಂದು ಮೂರನೇ ಸಲ ಕೆಮ್ಮುವ ಹೊತ್ತಿಗೆ ಅವಳ ಕಣ್ಣು ಕಾರ್ಡಿನ ಕೆಳಗಿನ ಸಾಲುಗಳಿಗೆ ಹೋಗಿತ್ತು. ಏಕೋ ಏನೋ ಅವಳ ಭುಜ ಅಲುಗಾಡತೊಡಗಿತು. ನಗುತ್ತಿದ್ದಳು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು.

“ಆರು ತಿಂಗಳು ಗಂಟಲು ಹರಿದುಕೊಂಡದ್ದು ಇದಕ್ಕೇನಮ್ಮ?” ಎಂದೆ. “ಒಂದು ಹೆಸರು ಓದೋಕೆ ಬರಲ್ಲ, ನಗು ಬೇರೆ ಕೇಡು. ಕೇಂದ್ರ ಮುಚ್ಚುತ್ತಾರೆ, ಗೊತ್ತಿದೆಯಾ? ಮೂರನೇ ಪುಸ್ತಕ ಬರಲ್ಲ. ಮಗಳ ಕಾಗದ ಜನ್ಮಪೂರ್ತಿ ನಾನೇ ಓದಬೇಕಾಗುತ್ತೆ.”

ಅವಳ ನಗು ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಆದರೂ ಬಾಯಿ ತೆರೆಯಲಿಲ್ಲ. ಪರೀಕ್ಷಕರು ನಿಟ್ಟುಸಿರು ಬಿಟ್ಟು, ಪೆನ್ನಿನ ಮುಚ್ಚಳ ತೆಗೆದು, ‘ಓದಲಾರರು’ ಎಂಬ ಕಾಲಮ್ಮಿನ ಮೇಲೆ ಕೈ ಇಟ್ಟರು.

ಬಾಗಿಲಲ್ಲಿ ನಿಂತಿದ್ದ ಸುವರ್ಣಮ್ಮ ಒಳಗೇ ಬಂದುಬಿಟ್ಟಳು. “ಅಲ್ಲ ಸಾ, ನಿಮ್ಗೇನ್ ಬಂದೈತೆ? ಆವಾಗ್ಲಿಂದ ದೇ ದೇ ಅಂತ ಆ ಪಾಟಿ ಕೆಮ್ತಿದ್ದೀರಲ್ಲ, ಗಂಡನ ಎಸ್ರ ಅವ್ಳು ಎಂಗೆ ಏಳ್ತಾಳೆ?”

ಕಾಮಾಕ್ಷಮ್ಮನ ಗಂಡ ದೇವರಾಜು. ಆರು ವರ್ಷದಿಂದ ನನ್ನ ಮನೆಗೆ ಹಾಲು ಹಾಕುವವನು. ದಿನಕ್ಕೆ ಎರಡು ಸಲ ‘ದೇವರಾಜು, ಪಾತ್ರೆ ಅಲ್ಲಿದೆ’ ಎನ್ನುವವನು ನಾನು. ಹೆಂಡತಿ ಗಂಡನ ಹೆಸರು ಹೇಳುವುದಿಲ್ಲವೆಂದು ನನಗೂ ಗೊತ್ತು. ಕಾರ್ಡಿನಲ್ಲಿ ಅಚ್ಚಾದ ಹೆಸರನ್ನು ಓದುವುದೂ ಹೇಳಿದಂತೆಯೇ ಎಂದು ಮಾತ್ರ ಹೊಳೆದಿರಲಿಲ್ಲ. ಎಂಥ ಮೇಷ್ಟ್ರಪ್ಪಾ ನಾನು ಎನ್ನಿಸಿತು.

ಮುರಳೀಕೃಷ್ಣ ಒಳ್ಳೆಯವರೇ, ಆದರೆ ನಿಯಮದವರು. “ಅದು ಸರಿ ತಾಯಿ. ಆದರೆ ನನಗೆ ಹೇಗೆ ಗೊತ್ತಾಗಬೇಕು? ಓದಲು ಬರದೆ ನಿಂತವರೂ ಹೀಗೇ ನಿಲ್ಲುತ್ತಾರಲ್ಲ” ಎಂದರು.

ಆಗ ಕಾಮಾಕ್ಷಮ್ಮ ಸೆರಗು ತೆಗೆದು ಮಾತಾಡಿದಳು. “ಬರದಿದ್ರೆ ಎಲ್ಲಾದ್ರೂ ನಿಲ್ತಿದ್ದೆ ಸಾ. ಅಲ್ಲೇ ಯಾಕೆ ನಿಲ್ತಿದ್ದೆ? ಓದಕ್ಕೆ ಬಂದಿದ್ದಕ್ಕೇ ನಿಂತಿದ್ದು.”

ಪರೀಕ್ಷಕರು ಪೆನ್ನನ್ನು ಕಾಲಮ್ಮಿನಿಂದ ಎತ್ತಿದರು.

“ಇನ್ನೂ ಬೇಕಾದ್ರೆ ಕೇಳಿ” ಎಂದು ಅವಳೇ ಮುಂದುವರಿಸಿದಳು. “ಇದ್ರಲ್ಲಿರೋ ಮನ್ಸ ಬೆಳಗಿನ ಜಾವ್ದಲ್ಲೇ ಏಳ್ತಾನೆ. ಕೊಟ್ಗೆ ಗುಡಿಸ್ತಾನೆ. ಬೀಡಿ ಸೇದಾಕಿಲ್ಲ. ಎಂಡ್ತಿ ಜೊತೆ ಜಗಳ ಆಡಾಕಿಲ್ಲ. ಅದ್ಕೇ ನಗು ಬಂತು ಸಾ. ಎಸ್ರು ಒಂದೇಯ, ಆಳೇ ಬ್ಯಾರೆ.”

“ಆಳು ಬೇರೆ ಎಂದಮೇಲೆ ಹೆಸರು ಓದಬಹುದಲ್ಲ?” ಎಂದರು ಕಾಲೇಜಿನವರು.

“ಎಸ್ರು ಒಂದೇ ಅಲ್ವಾ ಸಾ” ಎಂದಳು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ.

ಅಷ್ಟರಲ್ಲಿ ಕಿಟಕಿಯ ಹೊರಗೆ ಸಾಕ್ಷಾತ್ ದೇವರಾಜುವೇ ಕಾಣಿಸಿಕೊಂಡ. ಬಾಯಲ್ಲಿ ಬೀಡಿ. “ಲೇ, ಅಸ ಅರಚ್ತಾ ಅದೆ, ಇನ್ನೂ ಮುಗೀನಿಲ್ವಾ?” ಎಂದ. ಹೊರಗಿದ್ದ ಹೆಂಗಸರು ಸುತ್ತುವರಿದು ಅವನಿಗೆ ಎಲ್ಲವನ್ನೂ ಹೇಳಿದರು, ಬೀಡಿಯ ಸಾಲನ್ನು ಎರಡು ಸಲ ಹೇಳಿದರು. ಅವನು ತಲೆ ಕೆರೆದುಕೊಂಡ. “ಅಷ್ಟೇನಾ? ಎಸ್ರು ಬಂದಾಗೆಲ್ಲ ಅವ್ಳು ಸುಮ್ಕಿರ್ಲಿ, ನಾನೇ ಏಳ್ತೀನಿ ಬುಡಿ. ನಂದೇ ಎಸ್ರಲ್ವಾ” ಎಂದ.

ಹೀಗೆ ಹೊನ್ನೇಕೊಪ್ಪಲಿನಲ್ಲಿ ಒಂದು ಪರೀಕ್ಷೆಯನ್ನು ಗಂಡ ಹೆಂಡತಿ ಸೇರಿ ಬರೆದ ಹಾಗಾಯಿತು. ಕಾಮಾಕ್ಷಮ್ಮ ಹೆಸರಿನ ಹತ್ತಿರ ಬಂದು ಕಿಟಕಿಯ ಕಡೆ ನೋಡುವಳು. ಕಿಟಕಿ “ದೇವರಾಜು” ಎನ್ನುವುದು. “ನಮ್ಮ ಊರಿನ ಜಾಣ ರೈತ” ಎಂದು ಇವಳು. “ದೇವರಾಜು” ಎಂದು ಕಿಟಕಿ, ಈ ಸಲ ಸ್ವಲ್ಪ ಗತ್ತಿನಿಂದ. “ಬೆಳಗಿನ ಜಾವ ಏಳುತ್ತಾನೆ” ಎಂದಾಗ ಹೊರಗಿನವರು ಕಿಸಕ್ಕೆಂದರು. ಕೊಟ್ಟಿಗೆ ಗುಡಿಸುವ ಸಾಲಿನಲ್ಲಿ ಹೆಸರಿರಲಿಲ್ಲ, ಅದನ್ನು ಅವಳೊಬ್ಬಳೇ ನಿಧಾನವಾಗಿ, ಒಂದೊಂದು ಪದವೂ ಕಿಟಕಿಗೆ ಕೇಳುವಂತೆ ಓದಿದಳು. “ದೇವರಾಜು” ಎಂದ ಅವನು, ದನಿ ಇಳಿದಿತ್ತು. “ಬೀಡಿ ಸೇದುವುದಿಲ್ಲ” ಎಂದು ಇವಳು ಓದಿ ಮುಗಿಸುವುದರೊಳಗೆ ಬೀಡಿ ಕಿಟಕಿಯ ಕೆಳಗೆ ಎಲ್ಲೋ ಮಾಯವಾಗಿತ್ತು. ಜಗಳದ ಸಾಲಿಗೆ ಅವನು ತನ್ನ ಹೆಸರನ್ನು ಗೊಣಗಿದ, ಅಷ್ಟೇ.

ಮುರಳೀಕೃಷ್ಣ ನಗು ತಡೆದುಕೊಂಡು ಎಣಿಸಿದರು. ಹೊರಗಿನ ಸಹಾಯ ನಾಲ್ಕು ಸಲ. ಒಂದೊಂದು ಸಹಾಯವೂ ಒಂದು ತಪ್ಪು. ಮಾಫಿ ಮೂರಕ್ಕೆ ಮಾತ್ರ. “ಮೇಷ್ಟ್ರೇ, ನನ್ನ ಕೈ ಕಟ್ಟಿದೆ” ಎಂದರು. ನಿಜವಾಗಿಯೂ ಬೇಸರದಿಂದಲೇ ಎಂದರು.

ಕಾಮಾಕ್ಷಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟು, ಅದರ ಅಂಚನ್ನು ಬೆರಳಿನಿಂದ ನೇರ ಮಾಡುತ್ತಾ ನಿಂತಳು. ನಿಯಮದ ಹಾಳೆಯನ್ನು ಪರೀಕ್ಷಕರ ಕೈಯಿಂದ ಕಿತ್ತುಕೊಂಡೇ ಬಿಟ್ಟೆ ಎನ್ನಬೇಕು. ನನ್ನ ಮುಂಗೋಪದಿಂದ ಊರಿಗೆ ಆದ ಉಪಕಾರ ಅದೊಂದೇ. ಸರ್ಕಾರದ ಹಾಳೆ ಓದುವುದರಲ್ಲಿ ನನಗೆ ಇಪ್ಪತ್ತು ವರ್ಷದ ಅಭ್ಯಾಸ. ಮುಖ್ಯವಾದದ್ದನ್ನು ಅವರು ಯಾವತ್ತೂ ಹಿಂಬದಿಯಲ್ಲಿ ಸಣ್ಣದಾಗಿ ಅಚ್ಚು ಹಾಕಿಸುತ್ತಾರೆ. ಇತ್ತು, ಏಳನೆಯ ಅಂಶ. ‘ಒಂದೇ ಪದದಲ್ಲಿ ಪದೇಪದೇ ಆಗುವ ತಪ್ಪನ್ನು ಒಂದೇ ತಪ್ಪೆಂದು ಪರಿಗಣಿಸತಕ್ಕದ್ದು.’ ಗಟ್ಟಿಯಾಗಿ ಓದಿದೆ. ಕಾಗದ ಓದುವ ಕಾಲದಲ್ಲೂ ನಾನು ಅಷ್ಟು ಚೆನ್ನಾಗಿ ಓದಿರಲಿಲ್ಲ.

“ಒಂದು ತಪ್ಪು” ಎಂದು ಬರೆದರು ಮುರಳೀಕೃಷ್ಣ. ಕೆಳಗೆ ‘ಎಂಟು’ ಎಂದು ಬರೆದು ಸುತ್ತ ಒಂದು ಸೊನ್ನೆ ಸುತ್ತಿದರು. ಆಟೋ ಹತ್ತುವಾಗ ನನ್ನ ಹತ್ತಿರ ಮೆಲ್ಲಗೆ, “ನಮ್ಮ ತಾಯಿಯೂ ಬ್ಯಾಂಕಿನಲ್ಲಿ ನಮ್ಮ ತಂದೆಯ ಹೆಸರು ಕೇಳಿದರೆ ನನ್ನ ಕಡೆ ನೋಡುತ್ತಾರೆ ಮೇಷ್ಟ್ರೇ. ನನಗೂ ಹೊಳೆಯಲಿಲ್ಲ ನೋಡಿ” ಎಂದರು.

ಮನೆಗೆ ಹೋಗಿ ನನ್ನ ಹೆಂಡತಿ ಕನಕಲಕ್ಷ್ಮಿಯನ್ನು, “ನೀನು ಎಸ್ಸೆಸ್ಸೆಲ್ಸಿ ಪಾಸಾದವಳು, ನನ್ನ ಹೆಸರು ಯಾವತ್ತಾದರೂ ಹೇಳಿದ್ದೀಯೇನೇ?” ಎಂದು ಕೇಳಿದೆ. ಅವಳು ಒಗ್ಗರಣೆಯಿಂದ ತಲೆ ಎತ್ತದೆ, “ಇಪ್ಪತ್ತೆರಡು ವರ್ಷವಾದ ಮೇಲೆ ಈವತ್ತು ಗಮನಕ್ಕೆ ಬಂತೇ?” ಎಂದಳು. ನಾನೇ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತೆ.

ಮೂರನೇ ಪುಸ್ತಕ ಬಂತು. ಕಾಮಾಕ್ಷಮ್ಮ ಅದನ್ನು ಎರಡು ತಿಂಗಳಲ್ಲಿ ಮುಗಿಸಿ, ಇನ್‌ಲ್ಯಾಂಡ್ ಲೆಟರ್ ತರಿಸಿ, ಮಗಳಿಗೆ ತಾನೇ ಬರೆದಳು. ತಿದ್ದಿಕೊಡಲೇ ಎಂದೆ. “ಬ್ಯಾಡಿ ಸಾ, ತಪ್ಪಿದ್ರೆ ನಾನೇ ಬರ್ದಿದ್ದು ಅಂತ ಅವ್ಳಿಗೆ ಗೊತ್ತಾಯ್ತದೆ” ಎಂದು ಅಂಟಿಸಿಯೇ ಬಿಟ್ಟಳು.

ಉತ್ತರ ಬಂದ ದಿನ ಚನ್ನಪ್ಪ ವಾಡಿಕೆಯಂತೆ ನನ್ನ ಕೈಗೆ ಕೊಟ್ಟ. ವಾಡಿಕೆಯಂತೆ ನನ್ನ ಉಗುರು ಅಂಚನ್ನು ಬಿಡಿಸಲು ಹೋಯಿತು. ಕಾಮಾಕ್ಷಮ್ಮ ಎದುರಿಗೆ ನಿಂತು “ಕೊಡಿ ಸಾ” ಎಂದು ಕೈ ಚಾಚಿದಳು. ಕೊಟ್ಟೆ. ಅವಳು ಜಗಲಿಯ ಮೆಟ್ಟಿಲ ಮೇಲೆ ಕೂತು, ಬೆರಳಿಟ್ಟುಕೊಂಡು, ತುಟಿಯಲ್ಲೇ ಓದಿದಳು. ಮೂರು ಮಡಿಕೆಯೂ ಇರುವೆ ಸಾಲಿನಂತೆ ತುಂಬಿತ್ತು, ನನಗೆ ದೂರದಿಂದಲೇ ಕಾಣುತ್ತಿತ್ತು. ಒಂದು ಕಡೆ ಕಣ್ಣೊರೆಸಿಕೊಂಡಳು. ಒಂದು ಕಡೆ ಒಬ್ಬಳೇ ನಕ್ಕಳು. ನಾನು ಮಕ್ಕಳ ಸ್ಲೇಟು ತಿದ್ದುವ ನಟನೆ ಮಾಡುತ್ತಾ ಒಂದೇ ಸ್ಲೇಟನ್ನು ಮೂರು ಸಲ ತಿದ್ದಿದೆ.

“ಏನಂತೆ?” ಎಂದೆ ಕೊನೆಗೆ.

“ಎಲ್ಲಾ ಕ್ಷೇಮವಂತೆ ಸಾ” ಎಂದಳು.

ಅಷ್ಟೇ. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಸಂತೋಷವೂ ಆಯಿತು. ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು. “ಎಲ್ಡನೇ ಮಗೀಗೆ ಬರೋ ಸ್ವಾಮಾರ ಎಸ್ರು ಕಟ್ತಾರಂತೆ. ನೀವೂ ಬರ್ಬೇಕಂತೆ ಸಾ” ಎಂದಳು.

“ಬರೋಣ. ಏನು ಹೆಸರಂತೆ?”

“ಅವ್ರ ಮನೆ ಮುತ್ತಾತುಂದು.”

“ಅದೇ, ಏನದು?”

ಕಾಮಾಕ್ಷಮ್ಮ ಕಾಗದ ಮಡಿಸಿದಳು. ತುಟಿ ಬಿಗಿದುಕೊಂಡಳು. ಕಣ್ಣು ಮೆಲ್ಲಗೆ ಬೀದಿಯ ಆಚೆಗೆ, ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟುತ್ತಿದ್ದ ಗಂಡನ ಕಡೆಗೆ ಹೋಯಿತು. ಸೆರಗಿನ ಹಿಂದೆ ಭುಜ ಅಲುಗಾಡುತ್ತಿತ್ತು.

ಈ ಸಲ ನಾನು ಕೆಮ್ಮಲಿಲ್ಲ.

“ಒಳ್ಳೆ ಹೆಸರು ಕಣಮ್ಮ” ಎಂದೆ.

“ಓದ್ಕಂಡ್ಬುಟ್ರಲ್ಲ ಸಾ” ಎಂದಳು ಕಾಮಾಕ್ಷಮ್ಮ.